ಹದ್ದು ಟೀಚರ್ ಕಾಪಿ ಹೊಡೆದದ್ದು

ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತರಾದ ಆಕೆಗೆ ಮಕ್ಕಳು ಇಟ್ಟಿದ್ದ ಹೆಸರು ಹದ್ದು ಟೀಚರ್. ಪರೀಕ್ಷೆಯ ದಿನ ಚಪ್ಪಲಿ ಬಿಚ್ಚಿಟ್ಟು ಸದ್ದಿಲ್ಲದೆ ಓಡಾಡುತ್ತಿದ್ದರು. ಕಾಲುಚೀಲದ ಒಳಗಾಗಲಿ, ಜಾಮಿಟ್ರಿ ಬಾಕ್ಸಿನ ತಳದಲ್ಲಾಗಲಿ, ಅವರ ಕಣ್ಣು ತಪ್ಪಿಸಿ ಉಳಿದ ಚೀಟಿಯೇ ಇಲ್ಲ. ಅಂಥ ಹೆಂಗಸು ಅರವತ್ತೊಂದನೇ ವಯಸ್ಸಿನಲ್ಲಿ ಕಾಪಿ ಹೊಡೆಯೋದಕ್ಕೆ ಶುರು ಮಾಡಿದರು ಅಂದರೆ ನಂಬುತ್ತೀರಾ? ನಂಬಲೇಬೇಕು, ಸಿಕ್ಕಿಬಿದ್ದಿದ್ದಾರೆ.

ಅವರ ಹೃದಯಕ್ಕೆ ಲೋಹದ ಕವಾಟ ಕೂರಿಸಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ದಿನಕ್ಕೊಂದು ಮಾತ್ರೆ, ತಿಂಗಳಿಗೊಂದು ರಕ್ತಪರೀಕ್ಷೆ. ಅದರಲ್ಲಿ ಬರುವ ಅಂಕಿ ಎರಡರಿಂದ ಮೂರರೊಳಗೆ ಇರಬೇಕು. ಇಳಿದರೆ ರಕ್ತ ಹೆಪ್ಪುಗಟ್ಟುವ ಭಯ, ಏರಿದರೆ ರಕ್ತಸ್ರಾವದ ಭಯ.

"ಸೊಪ್ಪು ಒಮ್ಮೆಗೇ ಜಾಸ್ತಿ ತಿಂದ್ರೆ ಮಾತ್ರೆ ಬಲ ಕಮ್ಮಿಯಾಗುತ್ತೆ. ಬಿಡೋದೇನೂ ಬೇಡ, ದಿನಾ ಒಂದೇ ಅಳತೆ ಇರ್ಲಿ. ಕಷಾಯ ಗಿಷಾಯ ನನ್ನ ಕೇಳದೆ ಕುಡೀಬೇಡಿ. ತಿಂಗಳ ಪರೀಕ್ಷೆ ತಪ್ಪಿಸ್ಬೇಡಿ," ಅಂದಿದ್ದರು ಡಾಕ್ಟರಮ್ಮ. ಟೀಚರ್ ಕಿವಿಗೆ ಬಿದ್ದದ್ದು ಪರೀಕ್ಷೆ ಅನ್ನುವ ಮಾತೊಂದೇ.

ಇತ್ತ ಅವರ ಯಜಮಾನರು, ನಿವೃತ್ತ ಬಸ್ ಡ್ರೈವರು. ಹೆಂಡತಿಯ ಆಪರೇಷನ್ ದಿನ ಗಡಗಡ ನಡುಗಿದ್ದ ಮನುಷ್ಯ, ಆಕೆ ಮನೆಗೆ ಬಂದದ್ದೇ ತಡ, ತಾರಸಿ ತುಂಬ ಕುಂಡ ಜೋಡಿಸಿ ಪಾಲಕ್ ಸೊಪ್ಪು ಬೆಳೆದರು. "ನಿಂಗೆ ರಕ್ತ ಆಗ್ಬೇಕು ಕಣೇ," ಅಂತ ತಟ್ಟೆ ತುಂಬ ಬಡಿಸಿ, ಖಾಲಿಯಾಗುವವರೆಗೆ ಎದುರಿಗೇ ಕೂರುತ್ತಿದ್ದರು. ಅಷ್ಟು ಆಸೆಯಿಂದ ಬಡಿಸುವವರಿಗೆ ಡಾಕ್ಟರಮ್ಮನ ಮಾತು ಹೇಳಿ ಬೇಡ ಅನ್ನೋದಕ್ಕೆ ಬಾಯಿ ಬರಬೇಕಲ್ಲ? ಬರಲಿಲ್ಲ.

ಹಾಗಾಗಿ ಟೀಚರ್ ಒಂದು ದಾರಿ ಕಂಡುಕೊಂಡರು. ಮೂರು ವಾರ ಪೊಗದಸ್ತಾಗಿ ಸೊಪ್ಪು. ಪರೀಕ್ಷೆಯ ವಾರ ಬಂತೋ, "ಹಲ್ಲುನೋವು ರೀ," ಅಂತ ದವಡೆ ಹಿಡಿದುಕೊಂಡು ಬರೀ ಗಂಜಿ. ಪ್ರತಿ ತಿಂಗಳೂ ಎರಡೂ ಮುಕ್ಕಾಲು! ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದವನು ಅವರ ಹಳೆಯ ಶಿಷ್ಯನೇ. ಎಂಟನೇ ಕ್ಲಾಸಿನಲ್ಲಿ ಚೀಟಿ ಸಮೇತ ಹಿಡಿದು ಸೊನ್ನೆ ಕೊಟ್ಟಿದ್ದರು. "ಟೀಚರ್, ಡಿಸ್ಟಿಂಕ್ಷನ್!" ಅಂತ ಅವನು ನಕ್ಕರೆ ಇವರಿಗೆ ಒಳಗೊಳಗೇ ಹಿಗ್ಗು.

ಆಮೇಲೊಂದು ಬೆಳಿಗ್ಗೆ, ಪರೀಕ್ಷೆಗೆ ಇನ್ನೂ ಹದಿನೈದು ದಿನ ಇರುವಾಗ, ಅವರ ಎಡಗೈಯಿಂದ ಲೋಟ ಜಾರಿಬಿತ್ತು. "ರೀ" ಅನ್ನಲು ಹೋದರೆ ನಾಲಿಗೆ ತೊದಲಿತು. ಹತ್ತೇ ನಿಮಿಷ, ಎಲ್ಲ ಸರಿಹೋಯಿತು. ಆದರೆ ಡ್ರೈವರು ಅವರನ್ನು ಆಟೋಕ್ಕೆ ಹತ್ತಿಸಿ ಆಸ್ಪತ್ರೆಗೆ ಕರೆತಂದರು.

ಹೇಳದೆ ಕೇಳದೆ ನಡೆದ ಪರೀಕ್ಷೆಯಲ್ಲಿ ಬಂದದ್ದು ಒಂದೂ ಕಾಲು. ಶಿಷ್ಯ ಹಳೆಯ ರಿಪೋರ್ಟುಗಳನ್ನೆಲ್ಲ ಪಕ್ಕದಲ್ಲಿಟ್ಟು ನೋಡಿದ, ಟೀಚರ್ ಮುಖ ನೋಡಿದ.

"ಟೀಚರ್, ನೀವು ಪರೀಕ್ಷೆ ವಾರ ಮಾತ್ರ ಓದ್ಕೊಂಡು ಬರ್ತಿದ್ರಾ?"

ಹದ್ದು ಟೀಚರ್ ತಲೆ ತಗ್ಗಿಸಿದರು. ಹಲ್ಲುನೋವಿನ ಕಥೆಯೆಲ್ಲ ಹೊರಬಂತು. ಡ್ರೈವರು ಬಿಳಿಚಿಕೊಂಡರು. "ಅಯ್ಯೋ, ನನ್ನ ಕೈಯಾರೆ ನಾನೇ..." ಅಂದವರು ಈಗಲೇ ಹೋಗಿ ಕುಂಡಗಳನ್ನೆಲ್ಲ ಬೋರಲು ಹಾಕ್ತೀನಿ ಅಂತ ಎದ್ದರು. ಡಾಕ್ಟರಮ್ಮ ಗದರಿದರು, "ಈಗ ಪೂರ್ತಿ ನಿಲ್ಲಿಸಿದ್ರೆ ಅದೂ ಕಷ್ಟವೇ! ದಿನಾ ಒಂದು ಬಟ್ಟಲು, ಅಷ್ಟೇ. ಅದಕ್ಕೆ ಸರಿಯಾಗಿ ಮಾತ್ರೆ ನಾನು ಕೊಡ್ತೀನಿ."

ಅಂದಿನಿಂದ ಡ್ರೈವರು ಸ್ಟೀಲಿನ ಒಂದೇ ಬಟ್ಟಲಿನಲ್ಲಿ ಅಳೆದು ಬಡಿಸುತ್ತಾರೆ. ಒಂದೆಲೆ ಹೆಚ್ಚಾದರೂ ತೆಗೆದು ತಮ್ಮ ಬಾಯಿಗೆ ಹಾಕಿಕೊಳ್ಳುತ್ತಾರೆ.

ಮುಂದಿನ ಪರೀಕ್ಷೆಗಳನ್ನು ಟೀಚರ್ ಯಾವ ತಯಾರಿಯೂ ಇಲ್ಲದೆ ಬರೆದರು. ಮೊದಲೆರಡರಲ್ಲಿ ಮಾತ್ರೆಯ ಅಳತೆ ಇನ್ನೂ ಕೂಡಿಬಂದಿರಲಿಲ್ಲ. ಮೂರನೆಯ ಸಲ, ಫಲಿತಾಂಶ ಬರುವವರೆಗೂ ಅವರು ಗೋಡೆ ಗಡಿಯಾರ ನೋಡುತ್ತಲೇ ಇದ್ದರು.

"ಎರಡೂವರೆ, ಟೀಚರ್. ಸ್ವಂತ ಬುದ್ಧಿಯಿಂದ!" ಅಂದ ಶಿಷ್ಯ.

ಟೀಚರ್ ಎದ್ದವರು ಬಾಗಿಲಲ್ಲಿ ನಿಂತರು. "ಲೋ, ಅವತ್ತು ಆ ಚೀಟಿ ಯಾಕೋ ತಂದಿದ್ದೆ? ನಾನು ಕೇಳಲೇ ಇಲ್ಲ."

ಅವನು ತಲೆ ಕೆರೆದುಕೊಂಡ. "ಫೇಲಾದ್ರೆ ಅಪ್ಪ ತುಂಬ ನೊಂದ್ಕೋತಾರೆ ಅಂತ, ಟೀಚರ್."

ಹೊರಗಿನ ಬೆಂಚಿನ ಮೇಲೆ ಊಟದ ಡಬ್ಬಿ ಹಿಡಿದು ಕೂತಿದ್ದ ಗಂಡನನ್ನು ಟೀಚರ್ ಒಮ್ಮೆ ನೋಡಿದರು.

"ನಾನೂ ಅದಕ್ಕೇ ಕಣೋ," ಅಂದರು.