ದೋಟಿಯ ಎರಡನೆಯ ಗೆಣ್ಣು

ಬೆಳಿಗ್ಗೆ ಐದಕ್ಕೆ ಏಳುವುದು, ಐದೂಮುಕ್ಕಾಲಿಗೆ ಗುಡ್ಡದ ಕಡೆ ಹೊರಡುವುದು, ಏಳೂವರೆಗೆ ಮರಳಿ ರೊಟ್ಟಿಗೆ ಕೂಡುವುದು. ಸೇನೆಯಿಂದ ನಿವೃತ್ತನಾಗಿ ಊರಿಗೆ ಬಂದ ಮೇಲೂ ಇದನ್ನು ನಾನು ಬಿಟ್ಟಿಲ್ಲ. ನಮ್ಮೂರು ಬೇಮಳಖೇಡದ ಆಚೆ, ಕೆಂಪು ಗರಸು ಮಣ್ಣಿನ ಗುಡ್ಡದ ಬುಡದಲ್ಲಿದೆ. ಹೊರಡುವ ಮುಂಚೆ ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ: ಕನ್ನಡಕ, ಸಣ್ಣ ನೋಟುಬುಕ್ಕು, ಪೆನ್ಸಿಲ್, ಮಡಚುವ ಚಾಕು. ಭಾನುವಾರ ಚಾಕುವನ್ನು ಕಲ್ಲಿಗೆ ಮಸೆದು, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಒರೆಸಿಡುತ್ತೇನೆ. ನಡೆಯುವಾಗ ಅದನ್ನು ಬಿಚ್ಚುವುದಿಲ್ಲ. ಬಿಚ್ಚಬೇಕಾದರೆ ಮೊದಲು ನಿಲ್ಲಬೇಕು.

ಇಷ್ಟು ವರ್ಷಗಳಲ್ಲಿ ಆ ಚಾಕುವಿನಿಂದ ಬೇವಿನ ಕಡ್ಡಿ ಕೊಯ್ದಿದ್ದೇನೆ, ಪೇರಲ ಹೋಳು ಮಾಡಿದ್ದೇನೆ, ತಂತಿಬೇಲಿಗೆ ಸಿಕ್ಕಿಕೊಂಡ ಆಡಿನ ಕೊರಳಹಗ್ಗ ಕತ್ತರಿಸಿದ್ದೇನೆ. ಯಾವ ಕಾಡುಪ್ರಾಣಿಯ ಮುಂದೆಯೂ ಬಿಚ್ಚಿಲ್ಲ. ಪ್ರಾಣಿಯೊಂದು ಚಾಕುವಿಗೆ ನಿಲುಕುವಷ್ಟು ಹತ್ತಿರ ಬಂದಿದೆ ಎಂದರೆ ಅಷ್ಟರಲ್ಲಿ ನೀವು ಎರಡು ಮೂರು ತಪ್ಪು ಮಾಡಿ ಮುಗಿಸಿರುತ್ತೀರಿ.

ನೋಟುಬುಕ್ಕಿನ ಸಂಗತಿ ಬೇರೆ. ಗುಡ್ಡದಲ್ಲಿ ಯಾರೇನು ಕಂಡರೂ ಅದರಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಹೊತ್ತು, ದೂರ, ಉದ್ದ, ಬಣ್ಣ, ಬಾಲ ಎಂದು ಐದು ಕಾಲಮಿನ ಗೆರೆ ಎಳೆದಿದ್ದೆ. ತೋಳ, ನರಿ, ಮುಳ್ಳುಹಂದಿ, ಯಾವುದೆಂದು ತಿಳಿಯದ್ದು, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಊರಲ್ಲಿ ಎಲ್ಲರೂ ನನ್ನನ್ನು ಫೌಜಿ ಕಾಕಾ ಎನ್ನುತ್ತಾರೆ. ಫೌಜಿ ಕಾಕಾನ ಬುಕ್ಕಿನಲ್ಲಿ ಬಂದರೆ ಅದು ಖರೆ ಎಂದು ನಂಬುತ್ತಾರೆ. ಆ ನಂಬಿಕೆಯೇ ಕಳೆದ ವರ್ಷ ಒಂದು ಅನಾಹುತಕ್ಕೆ ದಾರಿ ಮಾಡಿತ್ತು.

ಶಿವರಾತ್ರಿ ಕಳೆದ ವಾರ. ದಿನಾ ಮೋಟಾರ್‌ಸೈಕಲ್ ಮೇಲೆ ಹುಮನಾಬಾದಿಗೆ ಹಾಲಿನ ಕ್ಯಾನು ಒಯ್ಯುವ ತರುಣ ನಮ್ಮ ಕಟ್ಟೆಗೆ ಓಡಿ ಬಂದ.

"ಕಾಕಾ, ಚಿರತಿ! ಗುಡ್ಡದ ತಿರುವಿನಾಗ ನೋಡೀನಿ. ಆರು ಫೂಟ ಉದ್ದ, ಮೈತುಂಬ ಚುಕ್ಕಿ. ಬರಕೊಳ್ರಿ!"

ಬರೆದುಕೊಂಡೆ. ನನ್ನ ಐದು ಕಾಲಮಿಗೂ ಅವನ ಬಳಿ ಉತ್ತರವಿತ್ತು. ಎರಡು ಪುಟ ತುಂಬಿತು.

ಮೂರನೆಯ ದಿನ ಆಡು ಕಾಯುವ ಹೆಣ್ಣುಮಗಳು ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ನನ್ನನ್ನು ಅಣ್ಣಾ ಎನ್ನುತ್ತಾಳೆ. ಅವಳ ಹನ್ನೊಂದು ಆಡುಗಳು ಮೇಯುವುದು ಆ ಗುಡ್ಡದಲ್ಲೇ. ತಾನೂ ಏನೋ ಕಂಡೆನೆಂದಳು.

"ಎಷ್ಟು ಉದ್ದ ಇತ್ತು, ತಂಗಿ?"

"ಫೂಟು ಗೀಟು ನನಗೇನ್ ಗೊತ್ತಣ್ಣಾ?"

"ಹೊತ್ತೆಷ್ಟಾಗಿತ್ತು?"

"ಸೂರ್ಯ ಹೊಂಟಿದ್ದಿಲ್ಲ. ನಾ ದೋಟಿ ಬೇವಿನ ಮರಕ್ಕ ಆನಿಸಿ ಈಚಿ ಕುಂತಿದ್ದೆ. ಅದು ದೋಟಿ ಮುಂದಿಂದ ಹಾದು ಹೋತು. ನಾ ದೋಟಿ ಅಲ್ಲೇ ಬಿಟ್ಟು ಆಡು ಹೊಡಕೊಂಡು ಓಡಿ ಬಂದೆ."

"ಚುಕ್ಕಿ ಇದ್ದವೇನು?"

"ಮಬ್ಬು ಬೆಳಕಣ್ಣಾ. ಕಾಣದ್ದು ಹ್ಯಾಂಗ ಹೇಳ್ಲಿ?"

ದೋಟಿ ಎಂದರೆ ಉದ್ದನೆಯ ಬಿದಿರಿನ ತುದಿಗೆ ಕುಡುಗೋಲು ಕಟ್ಟಿದ್ದು. ಅದರಿಂದ ಎತ್ತರದ ಟೊಂಗೆ ಕೊಯ್ದು ಆಡಿಗೆ ಹಾಕುತ್ತಾರೆ. ಅವಳ ಉತ್ತರಗಳು ನನ್ನ ಯಾವ ಕಾಲಮಿಗೂ ಹೊಂದಲಿಲ್ಲ. 'ಅಳತೆ ಇಲ್ಲ. ಸಾಕ್ಷಿ ದುರ್ಬಲ' ಎಂದು ಒಂದೇ ಸಾಲು ಬರೆದು ಪುಟ ಮಗುಚಿದೆ.

ಸಂಜೆ ಚಹಾದ ಅಂಗಡಿಯಲ್ಲಿ ನನ್ನಿಂದ ಬುಕ್ಕು ಓದಿಸಿದರು. ಮರುದಿನದಿಂದ ಊರ ಗಂಡಸರೆಲ್ಲ ಕಬ್ಬು ಕಡಿಯುವ ಕೊಯ್ತಾ ಹಿಡಿದೇ ಹೊರಬೀಳತೊಡಗಿದರು. ಹೊಲಕ್ಕೆ ಕೊಯ್ತಾ, ಅಂಗಡಿಗೆ ಕೊಯ್ತಾ, ಬಸ್ಸಿಗೂ ಕೊಯ್ತಾ. ಬಸವಕಲ್ಯಾಣದಿಂದ ನನ್ನ ಮಗಳು ಫೋನು ಮಾಡಿ, "ಅಪ್ಪಾ, ನಿಮ್ಮಲ್ಲಿ ಎರಡು ಚಿರತಿ ಬಂದಾವಂತಲ್ಲ?" ಎಂದಳು. ಅಷ್ಟು ದೂರ ಹೋಗುವುದರೊಳಗೆ ಒಂದು ಎರಡಾಗಿತ್ತು. ತೊಗರಿ ಹೊಲದ ಬದುವಿನಲ್ಲಿ ಅಣ್ಣ ತಮ್ಮ ಇಬ್ಬರು ಬಿಚ್ಚುಗೊಯ್ತಾ ಹಿಡಿದು ಒಬ್ಬರ ಹಿಂದೊಬ್ಬರು ನಡೆಯುತ್ತಿದ್ದಾಗ, ಹಿಂದಿನವನು ಎಡವಿ ಮುಂದಿನವನ ಮೀನಖಂಡಕ್ಕೆ ಗಾಯ ಮಾಡಿದ. ನಾಲ್ಕು ಹೊಲಿಗೆ ಬಿತ್ತು. ಚಿರತೆಯ ಹೆಸರಿನಲ್ಲಿ ನಮ್ಮೂರಿನಲ್ಲಿ ಹರಿದ ರಕ್ತ ಅದೊಂದೇ.

ಆ ಗಾಯದಿಂದ ಗಾಬರಿ ಇನ್ನೂ ಏರಿತು. ಸೋಮವಾರ ಗುಡ್ಡದ ಒಣಹುಲ್ಲಿಗೆ ಬೆಂಕಿ ಹಾಕಿ ಪ್ರಾಣಿಯನ್ನು ಹೊರಗೋಡಿಸುವುದೆಂದು ನಿರ್ಧಾರವಾಯಿತು.

ಶನಿವಾರ ನಾನು ರೊಟ್ಟಿ ತಿನ್ನುತ್ತಿದ್ದಾಗ ಆಡಿನವಳು ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಗುಡ್ಡಕ್ಕ ಬೆಂಕಿ ಹಾಕ್ತಾರಂತ, ಅಣ್ಣಾ. ನಿಮ್ಮ ಬುಕ್ಕಿನಾಗ ಬರದದ ಅಂತ ಹೇಳಾಕತ್ತಾರ. ಮಳಿ ಬರೋತನಕ ನನ್ನ ಹನ್ನೊಂದು ಆಡು ಏನು ನಿಮ್ಮ ಬುಕ್ಕು ಮೇಯಬೇಕೇನು?"

ಆ ಹುಲ್ಲು ಸುಟ್ಟರೆ ಆಡುಗಳನ್ನು ಉಳಿಸಿಕೊಳ್ಳಲು ಅವಳಿಗೆ ಬೇರೆ ದಾರಿಯಿರಲಿಲ್ಲ.

"ಆ ಹಾಲಿನವನ್ದು ಎರಡು ಹಾಳಿ ಬರದೀರಿ, ನಂದು ಒಂದು ಸಾಲು. ನಿಮಗ ಬೇಕಾದ್ದು ಕೇಳಿದ್ರಿ. ನಾ ನೋಡಿದ್ದು ಎಲ್ಲಿ ಕೇಳಿದ್ರಿ?"

ಕೈ ತೊಳೆದು ಬಂದು ಕಟ್ಟೆಯ ಮೇಲೆ ಕುಳಿತೆ. "ಈಗ ಕೇಳಾಕತ್ತೀನಿ, ಹೇಳವ್ವ. ಏನು ನೋಡಿದಿ?"

ಅವಳು ಹೇಳಿದ್ದು ಇಷ್ಟು. ಆಡಿನ ಮರಿಗಳನ್ನು ಹುಮನಾಬಾದಿನ ಸಂತೆಗೆ ಹೊಡೆದುಕೊಂಡು ಹೋಗುವ ಮುಂಚೆ ದೋಟಿಯ ಪಕ್ಕ ನಿಲ್ಲಿಸಿ, ಬಿದಿರಿನ ಎಷ್ಟನೆಯ ಗೆಣ್ಣಿಗೆ ಬೆನ್ನು ಬಂತೆಂದು ನೋಡುವುದು ಅವಳ ಪದ್ಧತಿ. ಅವಳ ತಾಯಿಯದೂ ಅದೇ. ಹೀಗಾಗಿ ದೋಟಿಯ ಮುಂದೆ ಯಾವುದು ಹಾದರೂ ಅವಳ ಕಣ್ಣು ಗೆಣ್ಣಿಗೇ ಹೋಗುತ್ತದೆ.

"ಅದರ ಹೆಗಲು ಹಾಯುವಾಗ ಎರಡನೇ ಗೆಣ್ಣು ಮುಚ್ಚಿತು. ಹಿಂದಿನ ಮೈ ಹಾಯುವಾಗ ಗೆಣ್ಣು ಮತ್ತ ಕಂಡಿತು. ಮುಂದ ಎತ್ತರ, ಹಿಂದ ಇಳಿಜಾರು. ಅಂಥ ಬೆನ್ನಿನ ಆಡು ಯಾರೂ ಕೊಳ್ಳಾಂಗಿಲ್ಲ, ಅಂತ ಮನಸ್ಸಿನಾಗ ಅಂದ್ಕೊಂಡೆ. ಆಮ್ಯಾಲ ಹೆದರಿಕಿ ಬಂತು."

ಚಿರತೆಯ ಬೆನ್ನು ಹಾಗೆ ಹಿಂದಕ್ಕೆ ಇಳಿಯುವುದಿಲ್ಲ. ಹಾಗೆ ಇಳಿಯುವುದು ಕತ್ತೆಕಿರುಬದ ಬೆನ್ನು. ಅದು ಸತ್ತದ್ದನ್ನು ತಿಂದು ಬದುಕುವ, ಮನುಷ್ಯನನ್ನು ಕಂಡರೆ ದೂರ ಸರಿಯುವ ಪ್ರಾಣಿ. ಇಷ್ಟು ಖಚಿತವಾದ ಅಳತೆಗೆ ನಾನು 'ಅಳತೆ ಇಲ್ಲ' ಎಂದು ಬರೆದಿದ್ದೆ.

ಭಾನುವಾರ ಚಾಕು ಮಸೆಯಲಿಲ್ಲ. ನಸುಕಿನಲ್ಲೇ ಇಬ್ಬರೂ ಗುಡ್ಡ ಹತ್ತಿದೆವು. ಬೇವಿನ ಮರಕ್ಕೆ ಆನಿಸಿದ ದೋಟಿ ಹಾಗೇ ನಿಂತಿತ್ತು. ಎರಡನೆಯ ಗೆಣ್ಣಿಗೆ ಗೇಣು ಹಾಕಿದೆ. ನೆಲದಿಂದ ಮೂರು ಗೇಣಿಗೆ ತುಸು ಮೇಲೆ, ಕತ್ತೆಕಿರುಬದ ಹೆಗಲಿನಷ್ಟೇ. ಸುತ್ತಲಿನ ಗರಸಿನಲ್ಲಿ ಹೆಜ್ಜೆ ಉಳಿದಿರಲಿಲ್ಲ. ಕೆಳಗೆ ನೀರಿನ ಒಡ್ಡಿನ ಹಸಿ ಮಣ್ಣಿನಲ್ಲಿ ಮಾತ್ರ ರಾತ್ರಿ ಬಂದು ಹೋದ ನಾಲ್ಕು ಹೆಜ್ಜೆ ಸ್ಪಷ್ಟವಾಗಿದ್ದವು. ಮುಂಗಾಲು ದೊಡ್ಡದು, ಹಿಂಗಾಲು ಚಿಕ್ಕದು, ಪ್ರತಿ ಬೆರಳಿನ ಮುಂದೆ ಉಗುರಿನ ಗುರುತು. ಬೆಕ್ಕಿನ ಜಾತಿಯವು ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುತ್ತವೆ. ಚಿರತೆಯಾಗಿದ್ದರೆ ಉಗುರು ಮೂಡಬಾರದಿತ್ತು. ಗಾಳಿಗೆ ಅಳಿಯದಂತೆ ಅವಳ ರೊಟ್ಟಿ ಬುಟ್ಟಿಯನ್ನು ಒಂದು ಹೆಜ್ಜೆಯ ಮೇಲೆ ಬೋರಲು ಹಾಕಿ ಕಲ್ಲಿಟ್ಟೆವು.

ಚಹಾದ ಅಂಗಡಿಯಲ್ಲಿ ಎಲ್ಲ ಹೇಳಿದಾಗ ಹಾಲಿನವನು ನಕ್ಕ.

"ಕಾಕಾ, ಒಂದು ಬಿದಿರು ನೋಡಿ ಚಿರತಿ ಕತ್ತಿಕಿರುಬ ಆತೇನ್ರಿ? ನಾ ಕಣ್ಣಾರೆ ಆರು ಫೂಟ ನೋಡೀನಿ."

ಆಡಿನವಳು ದೋಟಿ ನೆಲಕ್ಕೂರಿ ನಿಂತು, "ನಿನ್ನ ಗಾಡಿ ಎಷ್ಟು ಫೂಟ ಉದ್ದ ಅದ ಹೇಳು, ತಮ್ಮಾ" ಎಂದಳು.

"ಒಂಬತ್ತು. ಕಮ್ಮಿ ಇಲ್ಲ."

ಪಕ್ಕದ ದರ್ಜಿ ಅಂಗಡಿಯಿಂದ ಟೇಪು ಬಂತು. ನಾನೇ ಹಿಡಿದು ಅಳೆದೆ. ಆರೂವರೆ.

"ದಿನಾ ಹತ್ತಿ ಕುಂದ್ರೋ ಗಾಡೀನೇ ಎರಡೂವರೆ ಫೂಟ ಬೆಳಸೀದಿ! ಓಡಿ ಹೋಗೋ ಪ್ರಾಣಿ ಎಷ್ಟು ಬೆಳಸಿರಬೇಕಪ್ಪಾ ನೀ!" ಎಂದಳು ಆಡಿನವಳು.

ಅಂಗಡಿಯೆಲ್ಲ ನಕ್ಕಿತು. ಮೀನಖಂಡಕ್ಕೆ ಪಟ್ಟಿ ಕಟ್ಟಿಕೊಂಡಿದ್ದವನು ಎಲ್ಲರಿಗಿಂತ ಜೋರಾಗಿ ನಕ್ಕ. ಹಾಲಿನವನೂ ತಲೆ ಕೆರೆದುಕೊಂಡು ನಕ್ಕ.

"ಮತ್ತ ಚುಕ್ಕಿ ನೋಡಿದ್ದು?" ಎಂದೆ.

"ಚಿರತಿ ಅಂದಮ್ಯಾಲ ಚುಕ್ಕಿ ಇರಬೇಕಲ್ರಿ ಕಾಕಾ!"

ಆರು ಮಂದಿ ಗುಡ್ಡಕ್ಕೆ ಬಂದು, ಬುಟ್ಟಿ ಎತ್ತಿ, ಉಗುರಿನ ಗುರುತು ಬೆರಳಿಟ್ಟು ನೋಡಿದರು. ನನ್ನ ತಪ್ಪನ್ನು ಅಲ್ಲೇ ನಿಂತು ಒಪ್ಪಿಕೊಂಡೆ: ಗಟ್ಟಿಯಾಗಿ ಹೇಳಿದವನ ಮಾತು ಬರೆದೆ, ಸರಿಯಾಗಿ ನೋಡಿದವಳದು ಬಿಟ್ಟೆ ಎಂದು. ಬೆಂಕಿಯ ಮಾತು ಅಲ್ಲಿಗೆ ನಿಂತಿತು. ಮಸೆದಿಟ್ಟ ಕೊಯ್ತಾಗಳಿಗೆ ಕೆಲಸ ಬೇಕಿತ್ತು. ಸೋಮವಾರ ಅವುಗಳನ್ನು ಗೋಣಿತಟ್ಟಿನಲ್ಲಿ ಸುತ್ತಿ ಒಯ್ಯಿಸಿ, ಇಬ್ಬರ ನಡುವೆ ಹತ್ತು ಹೆಜ್ಜೆ ಅಂತರವಿಟ್ಟು ನಿಲ್ಲಿಸಿ, ಕಾಲುದಾರಿಯ ಎರಡೂ ಬದಿಯ ಜಾಲಿ ಕಡಿಸಿದೆ. ಈಗ ತಿರುವಿನಾಚೆಯೂ ಕಾಣುತ್ತದೆ. ಆಡಿನವಳು ಚಿಕ್ಕ ಮರಿಗಳನ್ನು ಕೆಲವು ದಿನ ಮನೆಯಲ್ಲೇ ಕಟ್ಟಿದಳು. ದೊಡ್ಡವು ಎಂದಿನಂತೆ ಗುಡ್ಡಕ್ಕೆ ಹೋದವು. ಅವಳ ಕುಡುಗೋಲನ್ನು ನಾನೇ ಮಸೆದುಕೊಟ್ಟೆ. ಅಲಗು ಮುಟ್ಟಿ ನೋಡಿ, "ಫೌಜಿನಾಗ ಇಷ್ಟಾದರೂ ಕಲಿಸ್ಯಾರ" ಎಂದಳು.

ಬುಕ್ಕಿನಲ್ಲಿ 'ಅಳತೆ ಇಲ್ಲ' ಎಂಬ ಆ ಸಾಲು ಹೊಡೆದುಹಾಕಿ ಅವಳು ಹೇಳಿದ್ದನ್ನು ಪೂರ್ತಿ ಬರೆದೆ. ಐದು ಕಾಲಮು ಆರಾಯಿತು. ಈಗ ಮೊದಲು ಕೇಳುವ ಪ್ರಶ್ನೆ: ಯಾವುದರ ಪಕ್ಕದಲ್ಲಿ ಕಂಡಿತು?

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ದೂರದಿಂದಲೇ ದೋಟಿ ಮೇಲೆತ್ತಿ ಕರೆದಳು. ಹುಲ್ಲು ಸೊಂಟಮಟ್ಟ ಬೆಳೆದಿತ್ತು. ಓಡುವುದು ನನ್ನ ನಿಯಮದಲ್ಲಿಲ್ಲ; ಬೇಗ ನಡೆದೆ.

"ಬುಕ್ಕು ತಗೀರಣ್ಣಾ. ಬಂಡಿಗಲ್ಲಿನ ಪಕ್ಕ ತಾಯಿ ಕತ್ತಿಕಿರುಬ ಕುಂತಿತ್ತು. ಜೊತಿಗೆ ಎರಡು ಮರಿ."

ಪೆನ್ಸಿಲ್ ತೆಗೆದೆ. "ಮರಿ ಎಷ್ಟೆತ್ತರ, ತಂಗಿ?"

ಅವಳು ಬಿದಿರಿನ ಮೇಲೆ ಹೆಬ್ಬೆರಳಿಟ್ಟು ತೋರಿಸಿದಳು. "ಮೊದಲನೇ ಗೆಣ್ಣಿಗೂ ಬರಾಂಗಿಲ್ಲ ನೋಡ್ರಿ ಇನ್ನಾ."