ಬಸ್‌ಸ್ಟ್ಯಾಂಡ್ ಆಟ, ಕೆರೆ ಆಟ

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮ ಬಾಡಿಗೆ ಮನೆ. ಅಲ್ಲೇ ಕೂತು ನಾನು ಮೊಬೈಲಿಗೆ ಒಂದು ಆಟ ಮಾಡಿದೆ. ಆಡುವವರೇ ಬಸ್‌ಸ್ಟ್ಯಾಂಡಿನ ಕಂಟ್ರೋಲರ್. ಶಿವಮೊಗ್ಗದ ಬಸ್ಸು ಎಲ್ಲಿ ನಿಲ್ಲಬೇಕು, ಕೆಟ್ಟು ನಿಂತ ಬಸ್ಸಿನ ಜನವನ್ನು ಯಾವುದಕ್ಕೆ ಹತ್ತಿಸಬೇಕು, ಎಲ್ಲ ಅವರೇ ನೋಡಿಕೊಳ್ಳಬೇಕು. ಒಂದು ಸಲ ದುಡ್ಡು ಕೊಟ್ಟು ಕೊಂಡರೆ ಸಾಕು, ಮುಂದೆ ಸೇರಿಸುವ ಊರುಗಳೆಲ್ಲ ಬಿಟ್ಟಿ ಎಂದು ಬರೆದು ಹಾಕಿದ್ದೆ.

ಅದೇ ವರ್ಷ ಅಜ್ಜಂಪುರದಲ್ಲಿರುವ ನನ್ನ ಗೆಳತಿಯೂ ಒಂದು ಆಟ ಬಿಟ್ಟಳು. ಕಡೂರಿನಲ್ಲಿ ಡಿಗ್ರಿ ಓದುವಾಗ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳಿಗೆ ಪ್ರೋಗ್ರಾಂ ಬರೆಯುವುದನ್ನು ಹೇಳಿಕೊಟ್ಟವಳು ನಾನು. ಈ ಮಾತನ್ನು ಎಷ್ಟು ಜನರ ಹತ್ತಿರ ಹೇಳಿಕೊಂಡಿದ್ದೇನೋ ನನಗೇ ಗೊತ್ತಿಲ್ಲ. ಅವಳ ತವರು ಬುಕ್ಕಾಂಬುಧಿ. ಅಲ್ಲಿನ ದೊಡ್ಡ ಕೆರೆ ನೋಡಿಕೊಂಡು ಬೆಳೆದವಳು ಕೆರೆಯದೇ ಆಟ ಮಾಡಿದ್ದಳು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಬಿಡಬೇಕು ಅನ್ನುವುದೇ ಆಟ. ಆಟಕ್ಕೆ ಒಂದು ಬೆಲೆ, ಆಮೇಲೆ ಬರುವ ಪ್ರತಿ ಹೊಸ ಕೆರೆಗೆ ಬೇರೆ ಬೆಲೆ.

"ಕೊಂಡವರ ಹತ್ರಾನೇ ಮತ್ತೆ ಮತ್ತೆ ದುಡ್ಡು ಕೇಳೋದಾ?" ಅಂದೆ.

"ಒಂದು ಕೆರೆ ಮಾಡೋಕೆ ಮೂರು ತಿಂಗಳು ಬೇಕು ಕಣೇ. ಹಳೇ ಆಟ ಮಾರಿದ್ರಲ್ಲಿ ಎಷ್ಟು ದಿನ ಅಂತ ಮಾಡ್ಲಿ?" ಅಂದಳು.

ಆಟ ಚೆನ್ನಾಗಿದ್ದರೆ ಕೊಳ್ಳುವವರು ಬರುತ್ತಲೇ ಇರುತ್ತಾರೆ, ಅದರಲ್ಲೇ ಹೊಸದು ಮಾಡುತ್ತೇನೆ ಎಂದು ದೊಡ್ಡದಾಗಿ ಹೇಳಿ ಬಂದೆ.

ಮೊದಲ ನಾಲ್ಕೈದು ತಿಂಗಳು ಬಂದರು. ಆಮೇಲೆ ಕೊಳ್ಳಬೇಕಾದವರೆಲ್ಲ ಕೊಂಡಾಗಿತ್ತು. ಕೊಂಡವರು ಮಾತ್ರ ಬಿಡಲಿಲ್ಲ, ಕಡೂರು ಯಾವಾಗ, ಅಜ್ಜಂಪುರ ಯಾವಾಗ ಎಂದು ಕೇಳುತ್ತಲೇ ಇದ್ದರು. ಕಡೂರು ಸೇರಿಸಿದೆ. ಆಟಕ್ಕೆ ಚಿತ್ರ ಬರೆದುಕೊಟ್ಟವರಿಗೆ ದುಡ್ಡು ಕೊಡಲು ಟ್ಯೂಷನ್ ಶುರುಮಾಡಿದೆ. ಟ್ಯೂಷನ್ ಶುರುವಾದ ಮೇಲೆ ಆಟಕ್ಕೆ ಸಮಯ ಉಳಿಯಲಿಲ್ಲ. ಅಷ್ಟರಲ್ಲಿ ಅವಳ ನಾಲ್ಕನೇ ಕೆರೆ ಬಂದಿತ್ತು.

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅವಳ ಆಟದ ಬಗ್ಗೆ ಜನ ಬರೆದದ್ದನ್ನು ಓದುತ್ತಿದ್ದೆ. ಹೊಗಳಿದ್ದರೆ ಅವತ್ತೆಲ್ಲ ತಿಂದದ್ದು ರುಚಿಸುತ್ತಿರಲಿಲ್ಲ. ತೆಗಳಿದವರು ಸಿಕ್ಕರೆ ಎರಡು ಸಲ ಓದುತ್ತಿದ್ದೆ. ಅವಳ ಆಟ ಹೇಗಿದೆ ಎಂದು ನಮ್ಮ ಯಜಮಾನರು ಒಮ್ಮೆ ಕೇಳಿದರು. ಪರವಾಗಿಲ್ಲ ಅಂದೆ. ಅಷ್ಟು ಹೊತ್ತಿಗೆ ನಾಲ್ಕೂ ಕೆರೆ ಕೊಂಡು ಆಡಿ ಮುಗಿಸಿದ್ದೆ.

ನಾಲ್ಕನೆಯದರಲ್ಲಿ ಒಂದು ತಪ್ಪು ಸಿಕ್ಕಿತ್ತು. ಕೆರೆ ತುಂಬಿ ಹೆಚ್ಚಾದ ನೀರು ಕೋಡಿಯಲ್ಲಿ ಹೊರಗೆ ಹರಿದ ಮೇಲೂ ಕೆರೆಯ ನೀರು ಏರುತ್ತಲೇ ಇತ್ತು. ಫೋನ್ ಮಾಡಿ ಹೇಳಬಹುದಿತ್ತು. ನಾನು ಬೇರೆ ಹೆಸರಿನಲ್ಲಿ ಹೋಗಿ, ಒಂದೇ ಸ್ಟಾರ್ ಕೊಟ್ಟು, ಕೋಡಿ ಅಂದರೇನೆಂದೇ ತಿಳಿಯದವರು ದುಡ್ಡು ಕೀಳಲು ಮಾಡಿದ ಆಟ ಎಂದು ಬರೆದೆ.

ವಾರದೊಳಗೆ ಅವಳು ಅದನ್ನು ಸರಿಮಾಡಿದಳು. ಬರೆದವರಿಗೆ ಥ್ಯಾಂಕ್ಸ್ ಹೇಳಿ ಕೆಳಗೆ ಉತ್ತರವನ್ನೂ ಹಾಕಿದಳು. ಮುಂದಿನ ಭಾನುವಾರ ನಮ್ಮ ಮನೆಗೆ ಬಂದು, ಕಾಫಿ ಕುಡಿದು ಲೋಟ ಕೆಳಗಿಟ್ಟು ಕೇಳಿದಳು.

"ಅದು ಬರೆದಿದ್ದು ನೀನಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೂಂ ಅಂದೆ.

"ಕೋಡಿ ಬೀಳೋವರೆಗೂ ನೀರು ಹಿಡ್ಕೊಂಡು ಆಡೋಳು ನೀನೊಬ್ಬಳೇ ಕಣೇ. ಫೋನ್ ಮಾಡಿದ್ರೆ ಆಗ್ತಿತ್ತು."

ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಹೊಟ್ಟೆ ಉರಿದದ್ದನ್ನು, ಟ್ಯೂಷನ್ ಹೇಳಿ ಆಟ ಸಾಕುತ್ತಿರುವುದನ್ನು ಎಲ್ಲ ಹೇಳಿಕೊಂಡೆ. ಅಜ್ಜಂಪುರದ ಸ್ಟ್ಯಾಂಡಿಗೆ ಬೆಲೆ ಇಡು ಅಂದಳು. ಬಿಟ್ಟಿ ಅಂತ ಮಾತು ಕೊಟ್ಟಿದ್ದೀನಲ್ಲ ಅಂದೆ. ಹಾಗೆ ಮಾತು ಕೊಟ್ಟದ್ದೇ ತಪ್ಪಾಯಿತು, ನಡೆಸಲು ಆಗುತ್ತಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಬರಿ ಅಂದಳು.

ಹಾಗೇ ಬರೆದು, ಅಜ್ಜಂಪುರದ ಸ್ಟ್ಯಾಂಡನ್ನು ಬೆಲೆ ಇಟ್ಟು ಬಿಟ್ಟೆ. ಕೆಲವರು ಮೋಸ ಅಂದರು. ಉಳಿದವರು ಕೊಂಡರು. ಟ್ಯೂಷನ್ ಬಿಡುವಷ್ಟು ಬರಲಿಲ್ಲ, ಆದರೆ ಮುಂದಿನ ಊರಿನ ಚಿತ್ರಗಳಿಗೆ ಟ್ಯೂಷನ್ ದುಡ್ಡು ಹಾಕುವುದು ತಪ್ಪಿತು.

ಈಗ ಹೊಸ ಕೆರೆ ಬಿಡುವ ಮೊದಲು ಅವಳು ನನಗೆ ಕಳಿಸುತ್ತಾಳೆ, ತಪ್ಪು ಹುಡುಕಿಕೊಡು ಎಂದು. ಹುಡುಕಿಕೊಡುತ್ತೇನೆ. ಸಿಕ್ಕಾಗ ನನಗೆ ಖುಷಿಯಾಗುವುದು ಅವಳಿಗೆ ಉಪಕಾರವಾಯಿತು ಎಂದಲ್ಲ, ಅವಳೂ ತಪ್ಪು ಮಾಡುತ್ತಾಳೆ ಎಂದು. ಮೊನ್ನೆ ಕಳಿಸಿದ ಏಳನೆಯದನ್ನು ಎರಡು ದಿನ ಆಡಿದರೂ ಏನೂ ಸಿಗಲಿಲ್ಲ. ಚೆನ್ನಾಗಿದೆ ಎಂದು ಒಂದು ಸಾಲು ಬರೆದು ಕಳಿಸಲು ನನಗೆ ಮತ್ತೊಂದು ದಿನ ಬೇಕಾಯಿತು.