ಮಸ್ಕಿಯಲ್ಲಿ ದೊಡ್ಡವ್ವ ಹತ್ತದ ಬಸ್ಸು

ಈ ಬೇಸಿಗೆಯ ರಜೆಗೆ ನೀವು ಯಾರ ಮನೆಗೆ ಹೊರಟಿದ್ದೀರಿ, ಮತ್ತು ನೀವು ಅಲ್ಲಿರುವಷ್ಟು ದಿನ ಆ ಮನೆಯಲ್ಲಿ ವಿಶ್ರಾಂತಿ ಇಲ್ಲದವರು ಯಾರು? ನಿಮ್ಮನ್ನು ಹೀಗೆ ಕೇಳುವ ಅರ್ಹತೆ ನನಗಿಲ್ಲವೆಂದು ಬಲ್ಲೆ. ಇದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳಲು ಅರ್ಧ ಆಯುಷ್ಯವೇ ಬೇಕಾಯಿತು. ಮೊನ್ನೆ ಸಂಜೆ ಸಿಂಧನೂರಿನ ನಮ್ಮ ಓಣಿಯಲ್ಲಿ ಹಳೆಯ ಮಣ್ಣಿನ ಗೋಡೆಯೊಂದನ್ನು ಕೆಡವುತ್ತಿದ್ದರು. ಧೂಳು ಅಡಗಲೆಂದು ಕೆಲಸದವರು ಅದರ ಮೇಲೆ ನೀರು ಎರಚಿದರು. ದಿನವಿಡೀ ಬಿಸಿಲು ಕುಡಿದ ಹಳೆಯ ಮಣ್ಣು ತಣಿಯುವಾಗ ಏಳುವ ವಾಸನೆ ಕಿಟಕಿಯಿಂದ ಒಳಗೆ ಬಂತು. ಅದೇ ಹೊತ್ತಿಗೆ ಫೋನಿನಲ್ಲಿ ತಮ್ಮನ ಸಂದೇಶವೂ ಬಂತು: "ಅಕ್ಕಾ, ರಜಾಕ್ಕ ಎಲ್ಲಾರೂ ತುರ್ವಿಹಾಳಕ್ಕ ಸುಮಾನ ಮನಿಗೆ ಹೋಗೋಣ. ಆರಾಮ ಇರ್ತೈತಿ, ಖರ್ಚೂ ಇಲ್ಲ." ಸುಮಾ ನಮ್ಮ ಚಿಗವ್ವನ, ಅಂದರೆ ಅವ್ವನ ತಂಗಿಯ, ಮಗಳು.

ಆ ವಾಸನೆ ಮಸ್ಕಿಯಲ್ಲಿದ್ದ ನಮ್ಮ ದೊಡ್ಡವ್ವನ ಮನೆಯದು. ಅವ್ವನ ಅಕ್ಕ ನೀಲವ್ವನನ್ನು ನಾವು ದೊಡ್ಡವ್ವ ಎನ್ನುತ್ತಿದ್ದೆವು. ದೊಡ್ಡಪ್ಪನಿಗೆ ಬಜಾರಿನಲ್ಲಿ ಸಣ್ಣ ಕಿರಾಣಿ ಅಂಗಡಿ. ಅವರಿಗೆ ಮಕ್ಕಳಿರಲಿಲ್ಲ. ನನಗೆ ಆರು ವರ್ಷವಾದಾಗಿನಿಂದ ಹದಿನಾರು ತುಂಬುವವರೆಗೆ ಪ್ರತಿ ಬೇಸಿಗೆಯನ್ನೂ ನಾನು, ತಮ್ಮ, ಸುಮಾ ಮತ್ತು ಅವಳ ಅಣ್ಣ ಆ ಮಣ್ಣಿನ ಮಾಳಿಗೆಯ ಮನೆಯಲ್ಲಿ ಕಳೆದೆವು. ಹಗಲೆಲ್ಲ ಊರ ಪಕ್ಕದ ಗುಡ್ಡದ ಬಂಡೆಗಳಿಂದ ಕಾವು ಇಳಿದು ಬರುತ್ತಿತ್ತು. ನಡುಮನೆಯ ಕತ್ತಲಲ್ಲಿ, ಸಗಣಿ ಸಾರಿಸಿದ ತಂಪು ನೆಲಕ್ಕೆ ಬೆನ್ನು ಕೊಟ್ಟು ನಾವು ಮಲಗಿರುತ್ತಿದ್ದೆವು. ಒದ್ದೆ ಬಟ್ಟೆ ಸುತ್ತಿದ ಗಡಿಗೆಯ ನೀರಿಗೆ ಮಣ್ಣಿನ ರುಚಿಯಿತ್ತು, ಮಜ್ಜಿಗೆಯಲ್ಲಿ ಕೊತ್ತಂಬರಿಯ ಘಮವಿತ್ತು. ಹೊತ್ತು ಇಳಿಯುತ್ತಲೇ ದೊಡ್ಡವ್ವ ಸೇದುವ ಬಾವಿಯಿಂದ ಕೊಡ ಕೊಡ ನೀರು ತಂದು, ನಿಚ್ಚಣಿಕೆ ಏರಿ, ಮಾಳಿಗೆಯ ಮೇಲೆ ಚಿಮುಕಿಸುತ್ತಿದ್ದಳು. ಮಣ್ಣು ಸುಂಯ್ ಎಂದು ಉಸಿರು ಬಿಡುತ್ತಿತ್ತು. ತಣಿದ ಮೇಲೆ ಅಲ್ಲಿ ನಮ್ಮ ಹಾಸಿಗೆ ಬೀಳುತ್ತಿತ್ತು. ಆ ವಾಸನೆಯನ್ನು ನಾನು ಸುಖದ ವಾಸನೆಯೆಂದೇ ತಿಳಿದು ಬೆಳೆದೆ. ಒಂದು ಕೈಯಲ್ಲಿ ನಿಚ್ಚಣಿಕೆ, ಇನ್ನೊಂದು ಕೈಯಲ್ಲಿ ಸೊಂಟದ ಕೊಡ ಹಿಡಿದು ಅವಳು ಎಷ್ಟು ಸಲ ಹತ್ತಿ ಇಳಿಯುತ್ತಿದ್ದಳೆಂದು ನಾನು ಎಂದೂ ನೋಡಲಿಲ್ಲ.

ಅಪ್ಪ ಪ್ರತಿ ವರ್ಷ ಮೊದಲೇ ಒಂದು ಕಾರ್ಡು ಬರೆದು ನಾವು ಬರುವ ದಿನ ತಿಳಿಸುತ್ತಿದ್ದರು. ನಾನು ಪಿಯುಸಿ ಮೊದಲ ವರ್ಷ ಮುಗಿಸಿದ ಬೇಸಿಗೆಯಲ್ಲಿ ಕಾರ್ಡು ಬೇಡವೆಂದು ತೀರ್ಮಾನಿಸಿದವಳು ನಾನು. ಚರ್ಚಾ ಸ್ಪರ್ಧೆಯಲ್ಲಿ ಆಗತಾನೇ ಮೊದಲ ಬಹುಮಾನ ಬಂದಿತ್ತು. ಆ ಬಹುಮಾನದ ಕಪ್ಪನ್ನು ದೊಡ್ಡವ್ವನಿಗೆ ತೋರಿಸುವ ಆತುರ. ಹೀಗಾಗಿ ನಾವು ನಾಲ್ವರೂ ವಾಡಿಕೆಗಿಂತ ಒಂದು ವಾರ ಮೊದಲೇ ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿದೆವು. ಇಳಿದವರ ಎದುರಿಗೇ ದೊಡ್ಡವ್ವ ನಿಂತಿದ್ದಳು. ಇಳಕಲ್ ಸೀರೆ ಉಟ್ಟು, ಕಾಲಬಳಿ ಒಂದು ಚೀಲ ಇಟ್ಟುಕೊಂಡಿದ್ದಳು.

"ದೊಡ್ಡವ್ವ ನಮ್ಮನ್ನ ಕರಕೊಂಡು ಹೋಗಾಕ ಬಂದಾಳ!" ಎಂದು ತಮ್ಮ ಕುಣಿದ. ಸುಮಾ ಆ ಚೀಲವನ್ನು ಎತ್ತಿಕೊಂಡೇಬಿಟ್ಟಳು.

"ಯವ್ವಾ, ನೀವು ಮುಂದಿನ ವಾರ ಬರ್ತೀರಿ ಅಂದ್ಕೊಂಡಿದ್ದೆ. ಕಾಗದಾನ ಬಂದಿಲ್ಲಲ್ಲ?" ಎಂದಳು ದೊಡ್ಡವ್ವ.

"ನಿನ್ನ ಮನಿಗೆ ಬರಾಕ ಕಾಗದ ಯಾಕ ಬೇಕು?" ಎಂದೆ.

ಅವಳು ನಕ್ಕಳು. ಆಮೇಲೆ, ಮಾಸ್ತರರ ಹತ್ತಿರ ರಜೆ ಕೇಳುವ ಹುಡುಗಿಯ ದನಿಯಲ್ಲಿ ಹೇಳಿದಳು: "ನಾ ಎಂಟ ದಿನ ಲಿಂಗಸೂರಿಗೆ ಹೊಂಟಿದ್ದೆ. ಶಾರದಾನ ಕ್ವಾರ್ಟರ್ಸಿಗೆ." ಶಾರದಮ್ಮ ಅವಳ ಬಾಲ್ಯದ ಗೆಳತಿ. ಗೊರೇಬಾಳದಲ್ಲಿ ಒಂದೇ ಓಣಿಯಲ್ಲಿ ಬೆಳೆದವರು. ಶಾರದಮ್ಮ ಆಗ ಲಿಂಗಸುಗೂರಿನ ದವಾಖಾನೆಯಲ್ಲಿ ನರ್ಸು. "ಅಲ್ಲಿ ಮನ್ಯಾಗ ನಳ ಐತಂತ, ತೆಲಿ ಮ್ಯಾಲ ಫ್ಯಾನ್ ಐತಂತ. ಇಬ್ರೂ ಒಲಿ ಹಚ್ಚಬಾರದು, ಹೋಟೆಲಿನಿಂದ ಮಂಡಕ್ಕಿ ವಗ್ಗರಣಿ, ಮಿರ್ಚಿ ಭಜಿ ತರಿಸಿ ತಿಂದು ಮಲಗೋದು ಅಂತ ಮಾತಾಗೈತಿ. ಬಸ್ಸಿನ ಚಾರ್ಜ್ ಬಿಟ್ರ ಖರ್ಚಿಲ್ಲ." ನನ್ನ ಮುಖ ನೋಡಿ ಮತ್ತೆ ಕೇಳಿದಳು, "ನೀನ ಒಂದೀಟು ರೊಟ್ಟಿ ಪಲ್ಯ ನೋಡ್ಕೊತೀಯೇನಬೇ? ದೊಡ್ಡಾಕಿ ಆಗಿಯಲ್ಲ. ಬರೇ ಎಂಟ ದಿನ."

ನನಗೆ ರೊಟ್ಟಿ ಬಡಿಯಲು ಬರುತ್ತಿತ್ತು. ನಾನು "ಹೋಗಿ ಬಾ" ಎನ್ನಬಹುದಾಗಿತ್ತು. ಬದಲಾಗಿ, ವೇದಿಕೆಯ ಮೇಲೆ ಮಾಡುತ್ತಿದ್ದಂತೆಯೇ ಒಂದು ಹೆಜ್ಜೆ ಮುಂದೆ ಬಂದು ಬೆರಳು ಎತ್ತಿದೆ.

"ಒಂದು: ಶಾರದಮ್ಮ ವರ್ಷಪೂರ್ತಿ ಅಲ್ಲೇ ಇರ್ತಾಳ, ನಾವು ವರ್ಷಕ್ಕೊಮ್ಮೆ ಬರ್ತೀವಿ. ಎರಡು: ನೀ ಒಬ್ಬಾಕಿ ಆರಾಮ ಇರಾಕ ದೊಡ್ಡಪ್ಪನ ಹಿಡಿದು ಐದು ಮಂದಿ ಪರದಾಡೋದು ನ್ಯಾಯೇನು? ಮೂರು..." ಇಲ್ಲಿ ನಾನು ದನಿ ಇಳಿಸಿದೆ. ಕೊನೆಯ ಅಂಶವನ್ನು ಮೆಲುದನಿಯಲ್ಲಿ ಹೇಳಿದರೆ ಸಭೆ ಕರಗುತ್ತದೆಂದು ನಮ್ಮ ಗುರುಗಳು ಕಲಿಸಿದ್ದರು. "ನಿನಗ ಬ್ಯಾರೆ ಮಕ್ಕಳು ಯಾರದಾರ ದೊಡ್ಡವ್ವಾ? ಇವತ್ತು ನಮಗ ಬಾಗಲಾ ಹಾಕಿದ್ರ, ನಾಳೆ ನಿನ್ನ ಬಾಗಲಿಗೆ ಯಾರು ಬರ್ತಾರ?"

ಚಹದಂಗಡಿಯಾತ ಚಪ್ಪಾಳೆ ತಟ್ಟಿದ. "ಭೇಷ್! ಈಕಿ ವಕೀಲ ಆಗ್ತಾಳ ನೋಡ್ರಿ," ಎಂದ. ಬೆಂಚಿನ ಮೇಲಿದ್ದ ಇಬ್ಬರು ಮೂವರು ನಕ್ಕರು. ದೊಡ್ಡವ್ವನ ಮುಖದಲ್ಲಿ ಆಗ ಏನಿತ್ತೆಂದು ಬರೆಯಲು ನನಗೆ ಸಾಧ್ಯವಿಲ್ಲ. ನಾನು ಅವಳತ್ತ ನೋಡುತ್ತಿರಲಿಲ್ಲ, ಚಪ್ಪಾಳೆ ತಟ್ಟಿದವನತ್ತ ನೋಡುತ್ತಿದ್ದೆ.

"ಏ ಯಮ್ಮಾ, ಹತ್ತತೀರೋ ಇಲ್ಲೋ? ಮೀಟಿಂಗ್ ಮುಗೀತೇನು?" ಎಂದು ಕಂಡಕ್ಟರ್ ಬಾಗಿಲು ಬಡಿದ.

"ಹೋಗಪ್ಪಾ ನೀ," ಎಂದಳು ದೊಡ್ಡವ್ವ. ಬಸ್ಸು ಹೊರಟ ಮೇಲೆ ನನ್ನ ಗಲ್ಲ ಸವರಿ, "ಆತವ್ವಾ, ನೀ ಗೆದ್ದಿ. ನಡೀರಿ, ಹಸಿದೀರಿ," ಎಂದಳು.

ಮನೆಗೆ ಹೋಗಿ ಚೀಲ ಬಿಚ್ಚಿದಾಗ ಅದರಲ್ಲಿ ಎರಡು ಸೀರೆಗಳಿದ್ದವು, ಮತ್ತು ಗೆಳತಿಗೆಂದು ನಸುಕಿನಲ್ಲಿ ಎದ್ದು ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ. ಆ ಹೋಳಿಗೆಗಳನ್ನೂ ನಾವು ತಿಂದು ಮುಗಿಸಿದೆವು. ಬಾಯಲ್ಲಿಟ್ಟರೆ ಬೆಲ್ಲ ಕರಗಿ ಶೇಂಗಾದ ಎಣ್ಣೆ ನಾಲಿಗೆಗೆ ಹರಡುತ್ತಿದ್ದ ಆ ಹೋಳಿಗೆಯ ರುಚಿ ಇಂದಿಗೂ ನನ್ನಲ್ಲಿದೆ. ನನ್ನದಲ್ಲದ ವಸ್ತುವಿನ ರುಚಿಯಾಗಿ ಇದೆ. ಸಂಜೆ ಅವಳು ಇಳಕಲ್ ಸೀರೆಯನ್ನು ಮಡಿಸಿಟ್ಟು, ಹಳೆಯ ಸೀರೆಯ ಸೆರಗು ಸಿಕ್ಕಿಸಿ, ಕೊಡ ಎತ್ತಿಕೊಂಡು ನಿಚ್ಚಣಿಕೆ ಹತ್ತಿದಳು. ಮಾಳಿಗೆ ಉಸಿರು ಬಿಟ್ಟಿತು. ನಾನು ಕೆಳಗೆ ಹೊರಸಿನ ಮೇಲೆ ಕುಳಿತು, ಅಂಗಡಿಯಿಂದ ಬಂದ ದೊಡ್ಡಪ್ಪನಿಗೆ ನನ್ನ ಮೂರು ಅಂಶಗಳನ್ನು ಮತ್ತೊಮ್ಮೆ ಹೇಳಿ ತೋರಿಸುತ್ತಿದ್ದೆ.

ಮುಂದಿನ ಬೇಸಿಗೆಯ ಹೊತ್ತಿಗೆ ಶಾರದಮ್ಮನವರಿಗೆ ದೂರದ ಜಿಲ್ಲೆಗೆ ವರ್ಗವಾಗಿತ್ತು. ಅಷ್ಟು ದೂರ ದೊಡ್ಡವ್ವ ಒಬ್ಬಳೇ ಹೋಗುವ ಮಾತೇ ಇರಲಿಲ್ಲ. ನಾನು ಕಾಲೇಜಿನಲ್ಲಿ ಇನ್ನಷ್ಟು ಕಪ್ಪುಗಳನ್ನು ಗೆದ್ದೆ. ಆಮೇಲೆ ಹೆಣ್ಣುಮಕ್ಕಳ ದುಡಿಮೆಯ ಕುರಿತು ಹಳ್ಳಿಹಳ್ಳಿಗಳಲ್ಲಿ ಮಾತನಾಡುವ ಕೆಲಸಕ್ಕೆ ತೊಡಗಿದೆ. ವಳಕಮದಿನ್ನಿಯಲ್ಲಿ ಭತ್ತದ ನಾಟಿ ಮುಗಿಸಿ ಬಂದ ಹೆಂಗಸರ ಮುಂದೆ ನಿಂತು, ವಿಶ್ರಾಂತಿ ನಿಮ್ಮ ಹಕ್ಕು ಎಂದು ಹೇಳಿದ್ದೇನೆ. ಹೇಳಿದ್ದನ್ನು ನಾನು ನಂಬಿಯೂ ಇದ್ದೆ. ಆದರೆ ಮಸ್ಕಿಯ ಬಸ್ ನಿಲ್ದಾಣದ ಆ ಮಧ್ಯಾಹ್ನ ಯಾವ ಸಭೆಯಲ್ಲಿಯೂ ನನ್ನ ನೆನಪಿಗೆ ಬರಲಿಲ್ಲ. ಬೇರೆ ಹೊತ್ತಿನಲ್ಲಿ ನೆನಪಿಗೆ ಬಂದಾಗಲೂ ಅದು ನಾನು ಗೆದ್ದ ಭಾಷಣವಾಗಿ ಬರುತ್ತಿತ್ತು, ತಪ್ಪಾಗಿ ಬರುತ್ತಿರಲಿಲ್ಲ.

ದೊಡ್ಡವ್ವ ತೀರಿಕೊಂಡ ಮೂರನೆಯ ದಿನ ನಿವೃತ್ತರಾಗಿದ್ದ ಶಾರದಮ್ಮ ಬಂದರು. ನೆರೆತ ತಲೆ, ಕೈಯಲ್ಲಿ ಕೋಲು. ನನ್ನನ್ನು ಗುರುತಿಸಿ, ಪಕ್ಕಕ್ಕೆ ಕೂರಿಸಿಕೊಂಡರು.

"ಬಸ್‌ಸ್ಟ್ಯಾಂಡಿನ್ಯಾಗ ಭಾಷಣ ಮಾಡಿದಾಕಿ ನೀನ ಹೌದಲ್ಲ?" ಎಂದರು. ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. "ಅವತ್ತು ನಾ ಮೂರು ಬಸ್ಸು ನೋಡಿದ್ದೆ. ಬಾಜು ಮನಿಯಿಂದ ಒಂದು ಹೊರಸು ಕೇಳಿ ತಂದು ಫ್ಯಾನಿನ ಕೆಳಗ ಹಾಕಿದ್ದೆ. ಇವತ್ತು ಬರ್ತಾಳ, ನಾಳೆ ಬರ್ತಾಳ ಅಂತ ಎಂಟ ದಿನ ಅದನ್ನ ತಗೀಲಿಲ್ಲ. ಆಮ್ಯಾಲ ನಿಮ್ಮ ದೊಡ್ಡವ್ವ ಕಾಗದ ಬರಸಿದ್ಲು. ನಮ್ಮ ಹುಡುಗಿ ಎಷ್ಟು ಚಂದ ಮಾತಾಡಿದ್ಲಂದ್ರ, ನನಗ ಎದುರು ಮಾತ ಹುಟ್ಟಲಿಲ್ಲ ಅಂತ."

ಕ್ಷಮೆ ಕೇಳಲು ನಾನು ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವರು ನನ್ನ ಕೈ ಹಿಡಿದು, "ಊಟ ಮಾಡಿಯೇನವ್ವಾ?" ಎಂದು ಕೇಳಿದರು.

ದೊಡ್ಡಪ್ಪನೂ ಹೋದ ಮೇಲೆ ಆ ಮನೆ ಮಾರಾಟವಾಯಿತು. ಅಲ್ಲಿ ಈಗ ಅಂಗಡಿಗಳ ಸಾಲಿದೆ. ಮೇಲೆ ಸಿಮೆಂಟಿನ ಸ್ಲ್ಯಾಬಿದೆ, ನೀರು ಹಾಕಿದರೆ ಯಾವ ವಾಸನೆಯೂ ಏಳುವುದಿಲ್ಲ.

ತಮ್ಮನಿಗೆ ನಾನು ಉತ್ತರ ಬರೆಯಲಿಲ್ಲ. ಮೊದಲು ತುರ್ವಿಹಾಳಕ್ಕೆ ಫೋನ್ ಮಾಡಿದೆ. "ಸುಮಾ, ಈ ರಜಾದಾಗ ನಿನಗ ಎಲ್ಲಿಗರೆ ಹೋಗಬೇಕು ಅನಿಸೈತೇನು?" ಎಂದೆ. ಅವಳು ಗಾಬರಿಯಾದಳು. "ಯಾಕಕ್ಕಾ, ಯಾರರೆ ಏನರೆ ಅಂದ್ರೇನು?" ಎಂದಳು. ಇಲ್ಲವೆಂದು ನಂಬಿಸಲು ಎರಡು ಸಲ ಹೇಳಬೇಕಾಯಿತು. ಬಳಿಕ, "ನನ್ನ ಯಾರೂ ಕೇಳಿದ್ದಿಲ್ಲಕ್ಕಾ. ವಿಚಾರ ಮಾಡಿ ನಾಳೆ ಹೇಳ್ತೀನಿ," ಎಂದಳು.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಚೀಲ ಕಟ್ಟುವ ಮುನ್ನ, ನೀವು ಹೋಗಲಿರುವ ಮನೆಯ ಹೆಣ್ಣುಮಗಳಿಗೆ ಇಂದೇ ಫೋನ್ ಮಾಡಿ. ನಿನಗೆ ಎಲ್ಲಿಗೆ ಹೋಗಬೇಕೆನಿಸಿದೆ ಎಂದು ಕೇಳಿ. ಅವಳು ಒಂದು ಊರಿನ ಹೆಸರು ಹೇಳಿದರೆ, ಆ ಎಂಟು ದಿನ ಅವಳ ಮನೆಯ ರೊಟ್ಟಿ, ನೀರು ನೀವು ನೋಡಿಕೊಳ್ಳಿ; ಅವಳನ್ನು ಬಸ್ಸು ಹತ್ತಿಸಿ.